ಬೋರಮಾಳಕ್ಕೊಂದು ಬರ್ತ್

ಮದುವೆ ಗದಗಿನಲ್ಲಿ, ಭಾನುವಾರ. ರೈಲು ಶುಕ್ರವಾರ ರಾತ್ರಿ. ಬುಧವಾರ ರಾತ್ರಿ ಹನ್ನೊಂದಕ್ಕೆ ನಾನು ಮಂಚದ ಮೇಲೆ ಬಿಳಿ ಟವೆಲ್ ಹಾಸಿ, ಮನೆಯಲ್ಲಿದ್ದ ಒಡವೆಗಳನ್ನೆಲ್ಲ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಯಾವ ಸೀರೆ ಅನ್ನೋದು ಹತ್ತೇ ನಿಮಿಷದಲ್ಲಿ ತೀರ್ಮಾನವಾಗಿತ್ತು. ಬಂಗಾರದ ವಿಷಯ ಮಾತ್ರ ಬಗೆಹರಿದಿರಲಿಲ್ಲ.

ನಗಬೇಡಿ, ಶೀಟ್ ಮಾಡಿದ್ದೆ. ನಾಲ್ಕು ಕಾಲಂ: ಒಡವೆ, ತೂಕ, ಯಾವ ಸೀರೆಗೆ, ಕಳೆದರೆ? ಈ ಕೊನೆಯ ಕಾಲಂ ತುಂಬೋವಾಗ ನನ್ನ ಬಗ್ಗೆ ನನಗೇ ಕೆಲವು ವಿಷಯ ಗೊತ್ತಾದವು. ಎರಡು ಬಳೆಗಳ ಮುಂದೆ ‘ಅಳು ಬರುತ್ತೆ, ಮತ್ತೆ ಕೊಳ್ಳಬಹುದು’ ಅಂತ ಬರೆದೆ. ಮೊದಲ ಬೋನಸ್‌ನಲ್ಲಿ ತಗೊಂಡ ಪುಟ್ಟ ವಜ್ರದ ಓಲೆ ಮುಂದೆ ‘ಎರಡು ದಿನ ಬೇಜಾರು’. ಜುಮುಕಿಗೆ ‘ಪರವಾಗಿಲ್ಲ’. ಕೊನೆಯ ಸಾಲಿನಲ್ಲಿದ್ದದ್ದು ಬೋರಮಾಳ. ಅದು ಮನೆಯಲ್ಲಿರಲಿಲ್ಲ, ಲಾಕರ್‌ನಲ್ಲಿತ್ತು. ಅದರ ಮುಂದೆ ಏನೂ ಬರೆಯಲಾಗದೆ ಖಾಲಿ ಬಿಟ್ಟೆ.

ಬೆಂಗಳೂರು, ಮೈಸೂರು ಕಡೆಯ ಓದುಗರಿಗೆ ಒಂದು ಮಾತು. ಬೋರಮಾಳ ಅಂದರೆ ಬೋರೆ ಹಣ್ಣಿನ ಆಕಾರದ ಬಂಗಾರದ ಗುಂಡುಗಳ ಸರ. ನಮ್ಮ ಕಡೆ ಅಂದರೆ ಗದಗ, ಧಾರವಾಡ, ಬಾಗಲಕೋಟೆ ಸೀಮೆಯಲ್ಲಿ ಇದನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಾರೆ. ಹಳೆಯ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಮೇಲಿನ ತಗಡು ತೆಳು, ಹಾಗಾಗಿ ಎಲ್ಲಿಯಾದರೂ ಒತ್ತಿದರೆ ನಗ್ಗುತ್ತದೆ. ಬಿಸಿಗೆ ಅರಗು ಮೆತ್ತಗಾಗುತ್ತೆ ಅಂತ ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡುವ ಹಾಗಿಲ್ಲ. ನನ್ನದು ಆಯಿಯದು, ಅಂದರೆ ಅವ್ವನ ಅವ್ವನದು. ನನ್ನ ಮದುವೆಯಲ್ಲಿ ಅವ್ವ ಅದನ್ನ ನನ್ನ ಕೊರಳಿಗೆ ಹಾಕಿದಳು. ತೂಕ ಕೇಳಿದರೆ ‘ನಾಕ್ ತೊಲಿ’ ಅನ್ನುತ್ತಾಳೆ. ಅವ್ವನ ತೊಲ 11.66 ಗ್ರಾಂನದು, ಈಗಿನ ಅಂಗಡಿಯವರು ಬಾಯಲ್ಲಿ ಹೇಳುವ ತೊಲ 10 ಗ್ರಾಂನದು, ಮೇಲೆ ಒಳಗಿನ ಅರಗಿನ ತೂಕ ಬೇರೆ ಕಳೆಯಬೇಕು. ಶೀಟ್‌ನ ತೂಕದ ಕಾಲಂ ಅಲ್ಲೇ ಸೋತಿತು.

ಐದು ವರ್ಷದ ಹಿಂದೆ ಆಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲವೇನೋ. 2025ರಲ್ಲಿ ಹತ್ತು ಗ್ರಾಂ ಅಪರಂಜಿ ಚಿನ್ನದ ಬೆಲೆ ಲಕ್ಷ ರೂಪಾಯಿ ಮುಟ್ಟಿದ ಮೇಲೆ, ಕೊರಳಿಗೆ ಸರ ಹಾಕಿಕೊಂಡವರು ಒಂದು ಕಾರನ್ನೇ ತೂಗಿಹಾಕಿಕೊಂಡಂತೆ ಓಡಾಡಬೇಕಾಗಿದೆ. ಹೊಸ ಒಡವೆಗಾದರೆ ಕಾಗದಪತ್ರದ ಬಲ ಇದೆ. ಹಾಲ್‌ಮಾರ್ಕ್ ಇರುತ್ತೆ, 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬೋರಮಾಳಕ್ಕೆ ಬಿಲ್ಲೂ ಇಲ್ಲ, ಗುರುತೂ ಇಲ್ಲ. ಅದು ನಮ್ಮದು ಅನ್ನೋದಕ್ಕೆ ಇರೋದು ಆಯಿಯ ಒಂದು ಕಪ್ಪು-ಬಿಳುಪು ಫೋಟೋ. ಅದರಲ್ಲೂ ಅರ್ಧ ಸರ ಸೆರಗಿನ ಕೆಳಗಿದೆ.

ಹಾಗಂತ ಲಾಕರ್‌ನಲ್ಲಿಟ್ಟರೆ ಪೂರ್ತಿ ನಿಶ್ಚಿಂತೆ ಅಂದುಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಕಟ್ಟಡ ಕುಸಿತ ಇಲ್ಲವೇ ಸಿಬ್ಬಂದಿಯ ಮೋಸದಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ಲಾಕರ್‌ನ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ. ಬಾಡಿಗೆ 3,000 ರೂಪಾಯಿ ಇದ್ದರೆ ಮೂರು ಲಕ್ಷ. ಹತ್ತು ಗ್ರಾಂಗೆ ಲಕ್ಷದ ಲೆಕ್ಕ ಹಿಡಿದರೂ ಮೂವತ್ತು ಗ್ರಾಂ. ಇಷ್ಟಿದ್ದರೂ ರಾತ್ರಿ ರೈಲಿಗಿಂತ ಲಾಕರ್ ಮೇಲು ಅಂತ ನನ್ನ ಶೀಟ್ ಹೇಳಿತು. ಬೋರಮಾಳ ಬಿಟ್ಟು ಹೋಗುವುದು, ಅದರ ಬದಲು ಒನ್ ಗ್ರಾಂ ಗೋಲ್ಡ್‌ನ ಒಂದು ಸರ ಹಾಕಿಕೊಳ್ಳುವುದು ಅಂತ ತೀರ್ಮಾನಿಸಿ ಮಲಗಿದೆ.

ವಿದೇಶಕ್ಕೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಕಳ್ಳರಿಗಿಂತ ಮೊದಲು ವಾಪಸ್ ಬರುವಾಗಿನ ಕಸ್ಟಮ್ಸ್ ಯೋಚನೆ ಮಾಡಬೇಕು. ದುಬೈಗೆ ನಾದಿನಿಯ ಸೀಮಂತಕ್ಕೆ ಹೊರಟಿದ್ದ ಗೆಳತಿಯೊಬ್ಬಳು ‘ಹೆಂಗಸರಿಗೆ 40 ಗ್ರಾಂ ಫ್ರೀ ಅಲ್ವಾ’ ಅಂತ ಆರಾಮಾಗಿದ್ದಳು. ಆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿದ್ದು ಮರಳುವವರಿಗೆ. ಹತ್ತು ದಿನಕ್ಕೆ ಹೋಗಿ ಬರುವವರಿಗಲ್ಲ. ಇಲ್ಲಿಂದಲೇ ಭಾರಿ ಒಡವೆ ತಗೊಂಡು ಹೋಗುವುದಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ವಾಪಸ್ ಬಂದಾಗ ‘ಇದು ಇಲ್ಲಿಂದಲೇ ಹೋದದ್ದು’ ಅನ್ನೋದಕ್ಕೆ ಅದೇ ಸಾಕ್ಷಿ. ಇದಕ್ಕೆ ಸ್ವಲ್ಪ ಮುಂಚೆ ಮನೆ ಬಿಡಬೇಕು, ಅಷ್ಟೇ. ಗೆಳತಿ ಅಷ್ಟು ಬೇಗ ಏಳೋದು ಬೇಡ ಅಂತ ಬಳೆಗಳನ್ನ ಅತ್ತೆಯ ಕೈಗೆ ಕೊಟ್ಟು ಹೋದಳು. ಅದೂ ಒಂದು ದಾರಿ.

ಗುರುವಾರ ಮಧ್ಯಾಹ್ನ ಸ್ಟ್ಯಾಂಡ್‌ಅಪ್ ಕಾಲ್ ಮುಗಿಯುತ್ತಿದ್ದಂತೆ ಅವ್ವನ ಫೋನ್.

“ಬೋರಮಾಳ ತರ್ತಿ ಹೌದಲ್ಲ?”

“ಇಲ್ಲವ್ವ. ರಾತ್ರಿ ಟ್ರೇನಿನ್ಯಾಗ ಅಷ್ಟು ಬಂಗಾರ ಇಟಗೊಂಡು ಬರೂದು ಬ್ಯಾಡ ಅಂತ... ಲಾಕರಿನ್ಯಾಗ ಇರ್ಲಿ.”

“ಲಾಕರಿನ್ಯಾಗ ಅದು ಯಾರ ಕೊಳ್ಳಾಗ ಇರತೈತಿ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವ್ವ ನಿಧಾನಕ್ಕೆ ವಿಷಯ ಬಿಟ್ಟಳು. ಸಣ್ಣಾಯಿ, ಅಂದರೆ ಆಯಿಯ ತಂಗಿ, ಮದುವೆಗೆ ಬರುತ್ತಿದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಪೂರಾ ಕಾಣೋದಿಲ್ಲ. “ಅಕ್ಕನ ಬೋರಮಾಳ ಹುಡಿಗಿ ಹಾಕ್ಕೊಂಡ್ ಬರತಾಳೇನು ಅಂತ ಎರಡು ಸಲ ಕೇಳ್ಯಾಳ. ನಾ ಹೂಂ ಅಂದೀನಿ.”

ನನ್ನ ಶೀಟ್‌ನಲ್ಲಿ ‘ಯಾರು ನೋಡ್ತಾರೆ’ ಅನ್ನೋ ಕಾಲಮ್ಮೇ ಇರಲಿಲ್ಲ. ಬಿಟ್ಟು ಹೋದರೂ ಒಂದು ನಷ್ಟ ಇದೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ಬ್ಯಾಂಕಿನಿಂದ ಸೀದಾ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ಗೆ. ಅಲ್ಲಿ ಸರ ಪೋಣಿಸಿ ಕೊಡುವವರೊಬ್ಬರು ಬೋರಮಾಳವನ್ನು ಬೆರಳ ಮೇಲೆ ಹರವಿಕೊಂಡು, ಕೊಕ್ಕೆಯ ಹತ್ತಿರ ದಾರವನ್ನ ಉಗುರಲ್ಲಿ ಸುಮ್ಮನೆ ಎಳೆದರು. ಹತ್ತಿಯ ಹಾಗೆ ಬಿಚ್ಚಿಕೊಂಡಿತು. “ಇನ್ನೊಂದು ಸಲ ಹಾಕ್ಕೊಂಡಿದ್ರೆ ಗುಂಡು ಆರಿಸ್ತಾ ಕೂರ್ತಿದ್ರಿ ಮೇಡಂ” ಅಂದರು. ನಾನು ಕಳ್ಳರ ಬಗ್ಗೆ ಎರಡು ರಾತ್ರಿ ಯೋಚಿಸಿದ್ದೆ, ದಾರದ ಬಗ್ಗೆ ಎರಡು ನಿಮಿಷವೂ ಯೋಚಿಸಿರಲಿಲ್ಲ. ನೀವೂ ಊರಿಗೆ ಹೊರಡೋ ಮುಂಚೆ ಒಮ್ಮೆ ಸರದ ದಾರ, ಓಲೆಯ ತಿರುಪು, ಚೈನಿನ ಕೊಕ್ಕೆ ನೋಡಿಕೊಳ್ಳಿ. ತಿರುಪು ಸಡಿಲವಾದ ಜುಮುಕಿ ಯಾವಾಗ ಬಿತ್ತು ಅಂತಲೂ ಗೊತ್ತಾಗುವುದಿಲ್ಲ. ಹೊಸ ದಾರ ಹಾಕಿಸಿದ ಮೇಲೆ ಅಲ್ಲೇ ತೂಕ ಮಾಡಿಸಿ ಚೀಟಿ ತಗೊಂಡೆ. ಮನೆಗೆ ಬಂದು ಸ್ಕೇಲ್ ಪಕ್ಕದಲ್ಲಿಟ್ಟು ಮುಂದೆ, ಹಿಂದೆ, ನಗ್ಗಿದ ಎರಡು ಗುಂಡುಗಳು ಎಲ್ಲದರ ಫೋಟೋ ತೆಗೆದೆ. ಕಳೆದುಹೋದ ಮೇಲೆ ಪೊಲೀಸರ ಮುಂದೆ ‘ಬೋರೆ ಹಣ್ಣಿನ ಥರ ಇರುತ್ತೆ ಸರ್’ ಅಂತ ಕೈಯಲ್ಲಿ ತೋರಿಸೋದಕ್ಕಿಂತ ಅದು ವಾಸಿ.

ಉಳಿದದ್ದರಲ್ಲಿ ವಜ್ರದ ಓಲೆ, ಎರಡು ಬಳೆ ತಗೊಂಡೆ. ವಂಕಿ ಒನ್ ಗ್ರಾಂದು, ಅಂದರೆ ಹಿತ್ತಾಳೆ-ತಾಮ್ರದ ಮೇಲೆ ತೆಳುವಾದ ಚಿನ್ನದ ಲೇಪ. ತೋಳಿನ ಮೇಲಿರೋದನ್ನ ಯಾರು ತಿರುಗಿಸಿ ನೋಡ್ತಾರೆ ಅಂದುಕೊಂಡಿದ್ದೆ. ನೋಡುತ್ತಾರೆ. ಸೋದರತ್ತೆಯೊಬ್ಬಳು ಆಶೀರ್ವಾದ ಮಾಡುವ ನೆಪದಲ್ಲೇ ತಿರುಗಿಸಿ, ಕೊಕ್ಕೆಯ ಬಣ್ಣ ನೋಡಿ, “ಚಂದ ಐತಿ” ಅಂದು ಸುಮ್ಮನಾದಳು. ಆ ‘ಚಂದ ಐತಿ’ಯ ಅರ್ಥ ಹೆಣ್ಣುಮಕ್ಕಳಿಗೆಲ್ಲ ಗೊತ್ತು.

ರೈಲು ಹಂಪಿ ಎಕ್ಸ್‌ಪ್ರೆಸ್, ಥರ್ಡ್ ಎಸಿ, ಮಧ್ಯದ ಬರ್ತ್. ಬೋರಮಾಳ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಸಣ್ಣ ಚೀಲದಲ್ಲಿಟ್ಟು ಕುರ್ತಾದ ಒಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಬಳೆ, ಓಲೆ ಹ್ಯಾಂಡ್‌ಬ್ಯಾಗ್‌ನಲ್ಲಿ. ಎಲ್ಲವನ್ನೂ ಒಂದೇ ಕಡೆ ಇಡಬಾರದು ಅನ್ನೋದು ಅವ್ವ ಕಲಿಸಿದ ಪಾಠ. ನಿದ್ದೆ ಬಾರದೆ ಫೋನ್ ನೋಡುತ್ತಾ ಒಂದು ಸುದ್ದಿ ಓದಿದೆ, ಓದಬಾರದಿತ್ತು. ಪ್ರಯಾಣಿಕರು ತಮ್ಮ ಬಳಿ ಇಟ್ಟುಕೊಂಡ ವಸ್ತು ಕಳವಾದರೆ ಅದು ರೈಲ್ವೆಯ ಸೇವಾ ಲೋಪ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹೇಳಿದೆ. ಆ ಪ್ರಕರಣದ ಬಟ್ಟೆ ವ್ಯಾಪಾರಿ ಕಳಕೊಂಡದ್ದು ಒಂದು ಲಕ್ಷ ರೂಪಾಯಿ. ಇಟ್ಟುಕೊಂಡಿದ್ದದ್ದು ಸೊಂಟಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿ! ಬಳ್ಳಾರಿ ಬರೋ ತನಕ ಒಂದೇ ಮಗ್ಗುಲಲ್ಲಿ ಮಲಗಿದ್ದೆ.

ಶನಿವಾರ ಸಂಜೆ, ಅರಿಷಿಣ ಹಚ್ಚುವ ಗದ್ದಲವೆಲ್ಲ ಮುಗಿದ ಮೇಲೆ, ಬೋರಮಾಳ ಹಾಕಿಕೊಂಡು ಸಣ್ಣಾಯಿಯ ಮುಂದೆ ಕೂತೆ. ಅವಳು ನನ್ನ ಮುಖ ನೋಡಲಿಲ್ಲ. ಕೈ ಚಾಚಿ ಸರ ಹಿಡಿದು, ಜಪಮಣಿ ಎಣಿಸುವ ಹಾಗೆ ಒಂದೊಂದೇ ಗುಂಡು ಸರಿಸುತ್ತಾ ಹೋದಳು. ನಗ್ಗಿದ ಗುಂಡಿನ ಹತ್ತಿರ ಬೆರಳು ನಿಂತಿತು.

“ಇದು ನಾ ಕಚ್ಚಿದ್ದು” ಅಂದಳು. “ಒಳಗ ಹಣ್ಣು ಐತಿ ಅಂತ.”

ಆಮೇಲೆ ಹೇಳಿದಳು. ಅವರಪ್ಪ ಮೊದಲು ಅಕ್ಕನಿಗೆ, ನಾಲ್ಕೈದು ವರ್ಷ ಬಿಟ್ಟು ತಂಗಿಗೆ, ಒಬ್ಬನೇ ಪತ್ತಾರನ ಕೈಲಿ ಇಂಥದ್ದೇ ಎರಡು ಮಾಡಿಸಿದ್ದನಂತೆ. ಹಾಗಾದರೆ ಸಣ್ಣಾಯಿಯದು ಎಲ್ಲಿ? ಈ ಮೂವತ್ತು ವರ್ಷದಲ್ಲಿ ಅವಳ ಕೊರಳಲ್ಲಿ ಕರಿಮಣಿ ಬಿಟ್ಟು ಏನನ್ನೂ ನಾನು ನೋಡಿಲ್ಲ.

“ಎಪ್ಪತ್ತೆರಡರ ಬರದಾಗ ಹೋತು. ಎರಡು ಎತ್ತು ಉಳಿಸಾಕ.”

“ಎತ್ತು ಉಳದ್ವೇನು ಆಯಿ?”

“ಒಂದು ಉಳೀತು.”

ನಾನು ಸರ ಬಿಚ್ಚಿ ಅವಳ ಕೊರಳಿಗೆ ಹಾಕಿದೆ. ಫೋಟೋಕ್ಕೆ ಅಂತ ಹಾಕಿದ್ದು, ಸುಳ್ಳು ಹೇಳೋದಿಲ್ಲ. ಅವಳು ಸೆರಗು ಸರಿ ಮಾಡಿಕೊಂಡು, ಅವ್ವನನ್ನ, ಚಿಗವ್ವನನ್ನ, ಮದುಮಗಳನ್ನ ಕರೆದು ಕರೆದು ತೋರಿಸಿದಳು. ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಊಟ ಆಯಿತು, ಎಲೆ-ಅಡಿಕೆ ಆಯಿತು, ಕಲ್ಯಾಣ ಮಂಟಪದ ಹಾಲ್‌ನಲ್ಲಿ ಜಮಖಾನ ಹಾಸಿ ಎಲ್ಲ ಹೆಂಗಸರೂ ಸಾಲಾಗಿ ಉರುಳಿಕೊಂಡರು. ಸಣ್ಣಾಯಿ ಬೋರಮಾಳದ ಮೇಲೆ ಅಂಗೈ ಇಟ್ಟುಕೊಂಡು ನಿದ್ದೆ ಹೋದಳು. ವಾಪಸ್ ಕೇಳೋದು ಹೇಗೆ? ಅವ್ವನ ಕಡೆ ನೋಡಿದೆ. ಅವಳು ಬೇಕಂತಲೇ ಆ ಕಡೆ ಮಗ್ಗುಲು ತಿರುಗಿಸಿದಳು.

ರೈಲಿನಲ್ಲಿ ಇಲ್ಲದ ದಿಗಿಲು ಆಗ ಶುರುವಾಯಿತು. ಬಾಗಿಲು ಇಲ್ಲದ ಹಾಲು, ರಾತ್ರಿಯಿಡೀ ಅಡುಗೆಯವರ ಓಡಾಟ, ಗುರುತಿಲ್ಲದ ಬೀಗರು. ಅವಳು ಮಗ್ಗುಲಾದರೆ ಗುಂಡು ನಗ್ಗುತ್ತೆ ಅನ್ನೋ ಚಿಂತೆ ಬೇರೆ. ನಾನು ಗೋಡೆಗೆ ಒರಗಿ ಕೂತು ಕಾವಲು ಕಾಯ್ದೆ. ಮೂರು ಗಂಟೆಯ ಸುಮಾರಿಗೆ ಯಾವಾಗಲೋ ಸರ ನೋಡೋದು ಬಿಟ್ಟು ಅವಳನ್ನೇ ನೋಡುತ್ತಾ ಕೂತಿದ್ದೆ. ನಿದ್ದೆಯಲ್ಲೂ ಹೆಬ್ಬೆರಳು ಒಂದು ಗುಂಡಿನ ಮೇಲೆ ಆಡುತ್ತಿತ್ತು.

ಬೆಳಿಗ್ಗೆ ಐದಕ್ಕೆ ಎದ್ದವಳು ತಾನೇ ಸರ ಬಿಚ್ಚಿ ನನ್ನ ಕೈಗಿಟ್ಟಳು. “ಅಕ್ಕಿಕಾಳು ಹೊತ್ತಿಗೆ ನೀ ಹಾಕ್ಕೋ. ನಂದಾತು” ಅಂದಳು.

ಭಾನುವಾರ ರಾತ್ರಿ ಹೊರಡುವಾಗ ಸೊಂಟದ ಚೀಲ ಎಲ್ಲಿ ಇಟ್ಟೆ ಅಂತ ಹುಡುಕುತ್ತಿದ್ದೆ. ಅವ್ವ ಆಗಲೇ ಪ್ಯಾಕ್ ಮಾಡಿ ಮುಗಿಸಿದ್ದಳು. ಬೋರಮಾಳಕ್ಕೆ ಅರಿವೆ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಶೇಂಗಾ ಚಟ್ನಿಪುಡಿಯ ಡಬ್ಬಿಯೊಳಗೆ ಹೂತಿದ್ದಳು.

“ಟ್ರೇನಿನ್ಯಾಗ ಬಂಗಾರ ಕದೀತಾರ. ಚಟ್ನಿ ಯಾರ್ ಕದೀತಾರ?”

ಕದಿಯಲಿಲ್ಲ. ಆದರೆ ಎದುರು ಸೀಟಿನವರು ರೊಟ್ಟಿ ಬುತ್ತಿ ಬಿಚ್ಚಿ, ನನ್ನ ತೊಡೆಯ ಮೇಲಿದ್ದ ಡಬ್ಬಿ ನೋಡಿ, “ಒಂಚೂರು ಚಟ್ನಿ ಕೊಡ್ರಿ ಅಕ್ಕಾರ” ಅಂದಾಗ ನಾನು ಕೊಟ್ಟ ಉತ್ತರ ನನಗೇ ನಾಚಿಕೆ. “ಕೆಟ್ಟೈತ್ರಿ” ಅಂದೆ. ಗದಗಿನ ಹೆಣ್ಣುಮಗಳು ಶೇಂಗಾ ಚಟ್ನಿ ಕೆಟ್ಟಿದೆ ಅಂದರೆ ಯಾರು ನಂಬುತ್ತಾರೆ? ಅವರು ನನ್ನ ಮುಖವನ್ನ, ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ ಕೆಟ್ಟ ಚಟ್ನಿಯ ಡಬ್ಬಿಯನ್ನ ಬಹಳ ಹೊತ್ತು ನೋಡಿದರು.

ಸೋಮವಾರ ಲಾಕರ್ ಬಾಗಿಲು ತೆಗೆದಾಗ ಜೊತೆಗಿದ್ದ ಬ್ಯಾಂಕಿನವರು ಮೂಗು ಅರಳಿಸಿ ಆ ಕಡೆ ಈ ಕಡೆ ನೋಡಿದರು. ಬೆಳ್ಳುಳ್ಳಿ ವಾಸನೆ ಎಲ್ಲಿಂದ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.