ಅಳೆಯದೆ ಬರೆದ 35

ಬಿ.ಎಸ್‌ಸಿ. ಓದುವಾಗ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಮಗೆಲ್ಲ ಒಂದು ವಿದ್ಯೆ ಕರಗತವಾಗಿತ್ತು. ಟೈಟ್ರೇಷನ್‌ನಲ್ಲಿ ಮೊದಲ ರೀಡಿಂಗ್ ಮಾತ್ರ ನಿಜವಾಗಿ ತೆಗೆಯುವುದು, ಎರಡನೆಯದನ್ನೂ ಮೂರನೆಯದನ್ನೂ ಅದಕ್ಕೆ ಹೊಂದುವಂತೆ ಬರೆದುಬಿಡುವುದು. ಮೊದಲನೆಯದೇ ಕೈಕೊಟ್ಟರೆ ಪಕ್ಕದ ಟೇಬಲ್ಲಿನ ಜಾಣೆಯ ರೆಕಾರ್ಡ್ ಇದ್ದೇ ಇತ್ತು. ಸಿಕ್ಕಿಬಿದ್ದರೆ ಹೋಗುತ್ತಿದ್ದುದು ಹೆಚ್ಚೆಂದರೆ ಎರಡು ಅಂಕ.

ಆ ವಿದ್ಯೆಯ ನಿಜವಾದ ಬೆಲೆ ನನಗೆ ತಿಳಿದದ್ದು ಜರ್ಮನಿಯ ಆಖೆನ್‌ನಲ್ಲಿ, ಒಂದು ಅಕ್ವೇರಿಯಂ ಮುಂದೆ. ಬೆಲೆ ತೆತ್ತದ್ದು ಮಾತ್ರ ನಾನಲ್ಲ, ಅದರೊಳಗಿದ್ದ ಹವಳ.

ಅಲ್ಲಿ ಎಂ.ಎಸ್. ಓದುತ್ತಿದ್ದಾಗ ನಿವೃತ್ತ ದಂಪತಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಹಾಲ್‌ನಲ್ಲಿ 300 ಲೀಟರಿನ ಉಪ್ಪುನೀರಿನ ತೊಟ್ಟಿ. ಅದರಲ್ಲಿ ಎರಡು ಪುಟ್ಟ ಮೀನು, ಉಳಿದಂತೆ ಜೀವಂತ ಹವಳಗಳು. ಬೇಸಿಗೆಯಲ್ಲಿ ಮೂರು ವಾರ ಮಗಳ ಮನೆಗೆ ಹೊರಟ ಯಜಮಾನರು, ‘ನೀವು ಕೆಮಿಸ್ಟ್ರಿ ಓದಿದವರು, ನಿಮಗೆ ಇದೇನು ಮಹಾ?’ ಎಂದು ತೊಟ್ಟಿಯನ್ನೂ ಒಂದು ನೋಟ್‌ಬುಕ್ಕನ್ನೂ ನನಗೆ ವಹಿಸಿದರು. ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ಮೂರು ಕಾಲಂ. ಕ್ಯಾಲ್ಸಿಯಂ, ಕ್ಷಾರೀಯತೆ, ಉಪ್ಪು.

ಹವಳ ಎಂದರೆ ಮನೆ ಕಟ್ಟುವ ಜೀವಿ. ಅದರ ಗೂಡು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಕರಾವಳಿಯಲ್ಲಿ ಸುಡುವ ಚಿಪ್ಪಿನಲ್ಲಿ ಇರುವುದೂ ಅದೇ ವಸ್ತು. ಅದನ್ನು ಕಟ್ಟಲು ಹವಳ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎಂಬ ಎರಡು ಸಾಮಗ್ರಿಗಳನ್ನು ಎಳೆದುಕೊಳ್ಳುತ್ತದೆ. ಎರಡನೆಯದು ಎಷ್ಟಿದೆ ಎಂದು ಅಂದಾಜಿಸಲು ಅಳೆಯುವುದೇ ಕ್ಷಾರೀಯತೆ. ಇಟ್ಟಿಗೆ ಎಷ್ಟೇ ರಾಶಿ ಬಿದ್ದಿರಲಿ, ಗಾರೆ ಮುಗಿದರೆ ಗೋಡೆ ಏಳುವುದಿಲ್ಲ. ಸಮುದ್ರದಲ್ಲಾದರೆ ಇವೆರಡೂ ಮುಗಿಯುವ ಮಾತಿಲ್ಲ. ಮನೆಯ ತೊಟ್ಟಿಯಲ್ಲಿ ದಿನವೂ ಮುಗಿಯುತ್ತವೆ, ದಿನವೂ ತುಂಬಬೇಕು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕ್ಷಾರೀಯತೆಯನ್ನು ಈ ಹವ್ಯಾಸದವರು ಅಳೆಯುವುದು ಡಿಕೆಎಚ್ ಎಂಬ ಜರ್ಮನ್ ಡಿಗ್ರಿಯಲ್ಲಿ; ಸಮುದ್ರದಲ್ಲಿ ಅದು 7ರ ಆಸುಪಾಸು. ನಮ್ಮ ಯಜಮಾನರು ಕಾಯ್ದುಕೊಂಡು ಬಂದಿದ್ದು 420 ಮತ್ತು 8. ಉಪ್ಪು, ಕಿಲೋ ನೀರಿಗೆ 35 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಒಂದು ಬಾಟಲಿಯಲ್ಲಿ, ಸೋಡಾ ದ್ರಾವಣ ಇನ್ನೊಂದರಲ್ಲಿ. ಒಂದು ಪಂಪು ಇವೆರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಹನಿ ಹನಿಯಾಗಿ ಸೇರಿಸುತ್ತಿತ್ತು.

ಇಲ್ಲೊಂದು ಸೊಗಸಾದ ಲೆಕ್ಕವಿದೆ. ಹವಳ ಗೂಡು ಕಟ್ಟುವಾಗ ಕ್ಷಾರೀಯತೆ 1 ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಇಳಿಯುವುದು ಸುಮಾರು 7 ಮಿಲಿಗ್ರಾಂ ಮಾತ್ರ. ಎಂಟರಲ್ಲಿ ಒಂದು ಹೋದರೆ ಎದ್ದು ಕಾಣುತ್ತದೆ. 420ರಲ್ಲಿ 7 ಹೋದರೆ ಮನೆಯ ಟೆಸ್ಟ್ ಕಿಟ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ತೊಟ್ಟಿಯ ನಾಡಿ ಸಿಗುವುದು ಕ್ಷಾರೀಯತೆಯಲ್ಲಿ. ಕ್ಯಾಲ್ಸಿಯಂ ಒಮ್ಮೆಲೇ 30-40 ಕಡಿಮೆ ಕಂಡು, ಕ್ಷಾರೀಯತೆ ಸ್ವಲ್ಪವೇ ಇಳಿದಿದ್ದರೆ ಅದನ್ನು ಹವಳ ತಿಂದದ್ದಲ್ಲ, ಇನ್ನೇನೋ ಆಗಿದೆ ಎಂದೇ ಅರ್ಥ. ಈ ಲೆಕ್ಕ ಹಾಕಲು ನನ್ನ ಡಿಗ್ರಿ ಸಾಕಿತ್ತು. ಹಾಕಲಿಲ್ಲ ಅಷ್ಟೇ.

ಕ್ಯಾಲ್ಸಿಯಂ, ಕ್ಷಾರೀಯತೆ ಎರಡನ್ನೂ ನಾನು ಶ್ರದ್ಧೆಯಿಂದ ಅಳೆಯುತ್ತಿದ್ದೆ. ಬಣ್ಣ ಬದಲಾಗುವ ಪರೀಕ್ಷೆಯಲ್ಲವೇ, ಖುಷಿಯೂ ಇತ್ತು. ಉಪ್ಪಿನದು ಬೇಸರದ ಕೆಲಸ. ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು, ಅರ್ಧ ನಿಮಿಷ ಸಾಕು. ಹಿಂದಿನ ಪುಟಗಳನ್ನು ತಿರುವಿದರೆ ಎಲ್ಲ ದಿನವೂ 35. ‘ಬದಲಾಗದ ಸಂಖ್ಯೆಯನ್ನು ಅಳೆಯುವುದೇನು’ ಎಂದುಕೊಂಡೆ. ಮೊದಲ ದಿನದಿಂದಲೇ ಅಳೆಯದೆ 35 ಎಂದು ಬರೆಯತೊಡಗಿದೆ.

ತೊಟ್ಟಿಯ ಕೆಳಗೆ ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನವಿರುತ್ತದೆ. ಅದು ನೊರೆ ಎಬ್ಬಿಸಿ ನೀರಿನ ಕಸವನ್ನು ಒಂದು ಕಪ್ಪಿಗೆ ತಳ್ಳುತ್ತದೆ. ಆ ದಿನಗಳಲ್ಲಿ ಅದರ ಹದ ತಪ್ಪಿ ನೊರೆಯ ಬದಲು ನೀರೇ ಬರುತ್ತಿತ್ತು. ದಿನಕ್ಕೆ ಎರಡು ಲೀಟರಿಗೂ ಹೆಚ್ಚು ನೀರನ್ನು ನಾನು ಸಿಂಕ್‌ಗೆ ಚೆಲ್ಲುತ್ತಿದ್ದೆ. ಆವಿಯಾದ ನೀರನ್ನು ತುಂಬಲು ಇಟ್ಟಿದ್ದ ಯಂತ್ರ, ಈ ಖಾಲಿ ಜಾಗಕ್ಕೂ ಶುದ್ಧ ಸಿಹಿನೀರನ್ನು ತುಂಬುತ್ತಿತ್ತು. ಚೆಲ್ಲಿದ್ದು ಉಪ್ಪುನೀರು, ಸೇರಿದ್ದು ಸಿಹಿನೀರು. ಹನ್ನೆರಡು ದಿನ ಹೀಗೇ ನಡೆಯಿತು.

ಹನ್ನೆರಡನೆಯ ದಿನ ಕ್ಯಾಲ್ಸಿಯಂ 385, ಕ್ಷಾರೀಯತೆ 7.3. ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದವನ ಗಾಬರಿ ನನ್ನದು. ಕಡಿಮೆ ಇರುವುದನ್ನು ಹಾಕಿದರಾಯಿತು ಎಂದು ಲೆಕ್ಕ ಮಾಡಿ ಕ್ಯಾಲ್ಸಿಯಂ ಕ್ಲೋರೈಡ್ ಸುರಿದೆ, ಅದರ ಹಿಂದೆಯೇ ಅದೇ ಜಾಗಕ್ಕೆ ಸೋಡಾ ದ್ರಾವಣ. ಕಣ್ಣೆದುರೇ ನೀರು ಮಜ್ಜಿಗೆಯಂತಾಯಿತು. ಗಟ್ಟಿ ದ್ರಾವಣಗಳೆರಡೂ ಬೆರೆಯುವ ಮುನ್ನವೇ ಮುಖಾಮುಖಿಯಾದರೆ ಹವಳದ ಹಂಗಿಲ್ಲದೆ ತಾವೇ ಕಾರ್ಬೊನೇಟ್ ಆಗಿ ಕೂರುತ್ತವೆ. ಪಿಯುಸಿ ಪಾಠವದು. ಬೆಳಿಗ್ಗೆ ಅಳೆದರೆ ಕ್ಷಾರೀಯತೆ ಏರುವ ಬದಲು 6.6ಕ್ಕೆ ಇಳಿದಿತ್ತು. ಇನ್ನಷ್ಟು ಗಾಬರಿಯಾಗಿ ಮತ್ತೆ ಸೋಡಾ ಹಾಕಿದೆ, ಅದು ನೀರಿನಲ್ಲಿ ಪೂರ್ತಿ ಬೆರೆಯುವ ಮುನ್ನವೇ ಅಳೆದು ಇನ್ನೊಮ್ಮೆ ಹಾಕಿದೆ. ಸಂಜೆಗೆ 9.8.

ಮೂರು ದಿನದಲ್ಲಿ ಕವಲು ಕವಲಾಗಿ ಬೆಳೆದಿದ್ದ ಒಂದು ಹವಳದ ತುದಿಗಳು ಸುಟ್ಟಂತೆ ಬೆಳ್ಳಗಾದವು. ವಾರ ತುಂಬುವಷ್ಟರಲ್ಲಿ ಅದರ ಚರ್ಮ ಸುಲಿದು ಬರಿ ಗೂಡು ಉಳಿಯಿತು. ಬೆರಳುದ್ದದ ತುಂಡಿನಿಂದ ಆರು ವರ್ಷ ಸಾಕಿ ಬೆಳೆಸಿದ್ದರಂತೆ.

ತುದಿ ಬಿಳುಪಾದ ದಿನವೇ ಫೋನ್ ಮಾಡಿದ್ದೆ. ಅವರು ಬೈಯಲಿಲ್ಲ. ‘ಉಪ್ಪು ಎಷ್ಟಿದೆ?’ ಎಂದು ಕೇಳಿದರು. ಬಾಯಿಗೆ 35 ಎಂದೇ ಬಂತು. ತಡೆದುಕೊಂಡೆ. ‘ನೋಡಿ ಹೇಳುತ್ತೇನೆ’ ಎಂದು ಅಳೆದೆ. 32 ಇತ್ತು. 420ನ್ನು 35ರಿಂದ ಭಾಗಿಸಿ 32ರಿಂದ ಗುಣಿಸಿ ನೋಡಿ, 384. ಎಂಟನ್ನು ಹಾಗೇ ಮಾಡಿ, 7.3. ಕ್ಯಾಲ್ಸಿಯಂ ಕಡಿಮೆಯಾಗಿರಲಿಲ್ಲ, ಕ್ಷಾರೀಯತೆಯೂ ಕಡಿಮೆಯಾಗಿರಲಿಲ್ಲ. ಸಮುದ್ರವೇ ತೆಳ್ಳಗಾಗಿತ್ತು. ‘ಇಷ್ಟು ದಿನ ಅಳೆದೇ ಇರಲಿಲ್ಲ’ ಎಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ‘ಈಗ ಬೇರೇನನ್ನೂ ಹಾಕಬೇಡಿ. ಉಪ್ಪನ್ನು ಮಾತ್ರ ನಿಧಾನ ಏರಿಸಿ’ ಎಂದರು. ಉಪ್ಪುನೀರನ್ನು ದಿನಕ್ಕಿಷ್ಟು ಎಂದು ಸೇರಿಸಿದೆ. ಉಪ್ಪು 35ಕ್ಕೆ ಬರುವ ಹೊತ್ತಿಗೆ ಕ್ಯಾಲ್ಸಿಯಂ ಕೂಡ 420ರ ಹತ್ತಿರ ಬಂದಿತ್ತು. ಉಳಿದ ಹವಳಗಳು ಉಳಿದವು.

ಇದರಿಂದ ನನಗೆ ಮೂಡಿದ ಅಭಿಪ್ರಾಯ ಇಷ್ಟು. ಸಂಖ್ಯೆ ಕೆಟ್ಟಾಗ ಸಂಖ್ಯೆಯನ್ನು ರಿಪೇರಿ ಮಾಡುವುದನ್ನೇ ನಾವು ಕಲಿತಿದ್ದೇವೆ. ರೆಕಾರ್ಡ್‌ನಲ್ಲಿ ತಿದ್ದುತ್ತೇವೆ, ತೊಟ್ಟಿಯಲ್ಲಾದರೆ ಸುರಿಯುತ್ತೇವೆ. ಅದು ಯಾಕೆ ಕೆಟ್ಟಿತು ಎಂದು ಕೇಳುವುದಿಲ್ಲ. ಹವಳ ಸಾಕುವವರಲ್ಲೂ ಈ ರೋಗವಿದೆ. ಕ್ಯಾಲ್ಸಿಯಂ 420 ಇದ್ದರೆ 480 ಬೇಕು, ಕ್ಷಾರೀಯತೆ 8 ಇದ್ದರೆ 11 ಬೇಕು. ಎರಡನ್ನೂ ಏರಿಸುತ್ತ ಹೋದರೆ ಒಂದು ಮಿತಿಯಾಚೆ ಅದು ಹೀಟರ್, ಪಂಪುಗಳ ಮೇಲೆ ಬಿಳಿ ಗಾರೆಯಾಗಿ ಅಂಟುತ್ತದೆ. 8 ಆಗಲಿ 9 ಆಗಲಿ, ಹವಳ ಒಗ್ಗಿಕೊಳ್ಳುತ್ತದೆ. ಬೆಳಿಗ್ಗೆ ಆರೂವರೆ, ಸಂಜೆ ಒಂಬತ್ತೂಮುಕ್ಕಾಲು ಎಂದರೆ ಕಷ್ಟ. ಆದರ್ಶ ಅಂಕಿಗಿಂತ ಅಲುಗದ ಅಂಕಿ ಮೇಲು.

‘ಈಗ ಎಲ್ಲಕ್ಕೂ ಯಂತ್ರವಿದೆಯಲ್ಲ’ ಎಂದು ಗೆಳೆಯನೊಬ್ಬ ವಾದಿಸಿದ. ಯಂತ್ರ ಆಗಲೂ ಇತ್ತು. ಪಂಪು ಹೇಳಿದಷ್ಟು ಸೋಡಾ ಹಾಕಿತು, ಇನ್ನೊಂದು ಯಂತ್ರ ಹೇಳಿದಂತೆ ಸಿಹಿನೀರು ತುಂಬಿತು. ಎರಡೂ ತಮ್ಮ ಕೆಲಸವನ್ನು ನನಗಿಂತ ಪ್ರಾಮಾಣಿಕವಾಗಿಯೇ ಮಾಡಿದವು. ಅವುಗಳ ಮಧ್ಯೆ ಏನು ನಡೆಯುತ್ತಿದೆ ಎಂದು ನೋಡಬೇಕಿದ್ದವನು ನಾನು.

ಓದಿದ ಮೇಲೆ ಯಾರಿಗಾದರೂ ಹವಳ ಸಾಕುವ ಆಸೆ ಹುಟ್ಟಿದರೆ ಒಂದು ಮಾತು. ಅಲ್ಲಿ ಅವರು ತಂದಿದ್ದು ತೊಟ್ಟಿಗಳಲ್ಲೇ ಬೆಳೆಸಿದ ತುಂಡುಗಳನ್ನು. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ, ಅಂದರೆ ಹುಲಿಗಿರುವ ರಕ್ಷಣೆಯೇ ಅವಕ್ಕೂ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ನೋಡಿ ಬನ್ನಿ, ಮುರಿದು ತರಬೇಡಿ. ಅಳೆಯುವ ಚಟ ಹತ್ತಿಸಿಕೊಳ್ಳಲು ಮನೆಯ ಬೋರ್‌ವೆಲ್ ನೀರಿನ ಗಡಸುತನ ಸಾಕು.

ಯಜಮಾನರು ಬರುವ ಮುನ್ನ ನೋಟ್‌ಬುಕ್ ತೆಗೆದು ಹನ್ನೆರಡು 35ಗಳನ್ನೂ ಒಂದೊಂದಾಗಿ ಹೊಡೆದುಹಾಕಿ ‘ಅಳೆದಿಲ್ಲ’ ಎಂದು ಬರೆದೆ. ನಾನು ಬರೆದ ರೆಕಾರ್ಡ್‌ಗಳಲ್ಲೆಲ್ಲ ಅತ್ಯಂತ ಕೊಳಕಾಗಿ ಕಾಣುವ ಪುಟ ಅದು. ಮೇಷ್ಟ್ರಿಗೆ ತೋರಿಸಬಹುದಾದ ಪುಟವೂ ಅದೊಂದೇ.

ನಾಳೆ ಲ್ಯಾಬ್ ಇದ್ದರೆ, ಮೂರನೆಯ ರೀಡಿಂಗನ್ನೂ ನಿಜವಾಗಿಯೇ ತೆಗೆಯಿರಿ.