ದೊಡ್ಡ ಸಾಲಿಯ ಬೋರ್ಡು, ಸಣ್ಣ ಸಾಲಿಯ ಬೀಗ

ಜೈನಾಪುರದ ಕಡೆಯಿಂದ ಪೇಟೆಗೆ ದುಡಿಯಲು ಬರುವ ಹಮಾಲ ಬಂಧುವೊಬ್ಬ ಮೊನ್ನೆ ನಮ್ಮ ಕಚೇರಿಯ ಕಟ್ಟೆಯ ಮೇಲೆ ಕುಳಿತು ಕೇಳಿದ: "ಮಾಸ್ತರ, ಸಣ್ಣ ಸಾಲಿ ಎಲ್ಲಾ ದೊಡ್ಡ ಸಾಲಿಗೆ ಕೂಡಸ್ತಾರಂತ ಹೌದೇನ್ರಿ? ಕೂಡಸೂದು ಅಂದ್ರ ಮುಚ್ಚೂದೋ ಏನು?" ಅವನ ಮಗಳು ಮೂರನೆಯ ಇಯತ್ತೆಯಲ್ಲಿದ್ದಾಳೆ. ನಾವು ಮಾಸ್ತರಿಕೆ ಬಿಟ್ಟು ವರ್ಷಗಳಾದರೂ ಇಂಥ ಪ್ರಶ್ನೆಗಳು ನಮ್ಮನ್ನು ಬಿಟ್ಟಿಲ್ಲ.

ಉತ್ತರಕ್ಕೆ ಮೊದಲು ಹಿಂದಿನ ಲೆಕ್ಕ ತೆಗೆಯೋಣ. 2018ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು 28,847 ಸರಕಾರಿ ಶಾಲೆಗಳನ್ನು ಹತ್ತಿರದ 8,530 ಶಾಲೆಗಳೊಡನೆ ಕೂಡಿಸುವ ಮಾತನ್ನಾಡಿದರು. 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯುವ ಮಾತೂ ಅದೇ ಭಾಷಣದಲ್ಲಿತ್ತು. ಸಾಹಿತಿಗಳು ಗದ್ದಲವೆಬ್ಬಿಸಿದ್ದು ಎರಡನೆಯದಕ್ಕೇ ಹೆಚ್ಚು. ಮೊದಲನೆಯದು ಹಳ್ಳಿಯ ಸಂಕಟ, ಅದಕ್ಕೆ ಅಷ್ಟು ಬಾಯಿಗಳಿರಲಿಲ್ಲ. ಅದೇ ಕಾಲಕ್ಕೆ ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ಹೆಸರಿನಲ್ಲಿ ಶಿಶುವರ್ಗದಿಂದ ಪಿ.ಯು.ಸಿ.ವರೆಗೆ ಒಂದೇ ಆವರಣದ ಶಾಲೆಗಳು ತಲೆಯೆತ್ತಿದವು. 2025ರ ಮಾರ್ಚಿನ ಮುಂಗಡಪತ್ರದಲ್ಲಿ ಸಿದ್ದರಾಮಯ್ಯನವರು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವು ಪಡೆದು ಇಂಥವೇ 500 ಶಾಲೆ ಮಾಡುವುದಾಗಿ ಸಾರಿದರು. ಈಗ ಇವಕ್ಕೆ 'ಮ್ಯಾಗ್ನೆಟ್' ಶಾಲೆಗಳೆಂಬ ಬಿರುದೂ ದೊರೆತಿದೆ. ಅಯಸ್ಕಾಂತದ ಗುಣವೇ ಸುತ್ತಲಿನದನ್ನು ಎಳೆದುಕೊಳ್ಳುವುದು. ಯಾವ ಕನ್ನಡ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಶಿಕ್ಷಣ ಸಚಿವರು ಹೇಳುತ್ತಾರೆ. ಮಕ್ಕಳನ್ನೆಲ್ಲ ಎಳೆದುಕೊಂಡ ಮೇಲೆ ಮುಚ್ಚಲು ಆದೇಶವಾದರೂ ಏತಕ್ಕೆ ಬೇಕು? ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ನಮ್ಮನ್ನು ತಪ್ಪಾಗಿ ತಿಳಿಯಬಾರದು. ದೊಡ್ಡ ಶಾಲೆಗೆ, ಒಳ್ಳೆಯ ಪ್ರಯೋಗಶಾಲೆಗೆ, ಆಟದ ಬಯಲಿಗೆ ನಾವು ವಿರೋಧಿಗಳಲ್ಲ. ಬಡವನ ಮಗು ಶಿಶುವರ್ಗದಿಂದ ಪಿ.ಯು.ಸಿ.ವರೆಗೆ ಫೀ ಇಲ್ಲದೆ ಒಂದೇ ಕಡೆ ಕಲಿಯುವುದಾದರೆ ಅದು ನಮ್ಮದೇ ಬೇಡಿಕೆ. ನಾವು ಒಪ್ಪದಿರುವುದು ಒಂದೇ: ಒಂದು ಶಾಲೆಗೆ ಬಣ್ಣ ಹಚ್ಚಲು ಅಕ್ಕಪಕ್ಕದ ಏಳೆಂಟು ಶಾಲೆಗಳ ಸುಣ್ಣ ಕೆರೆಯುವುದು.

ಸಣ್ಣ ಶಾಲೆಯಲ್ಲಿ ಮಕ್ಕಳಿಲ್ಲ, ಮಟ್ಟವೂ ಇಲ್ಲವೆಂದು ಅಧಿಕಾರಿಗಳು ಹೇಳುತ್ತಾರೆ. ಮಕ್ಕಳು ಏಕಿಲ್ಲ? ಇದನ್ನು ನಾವು ಪುಸ್ತಕ ಓದಿ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯದೆಯೇ ಅರವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಮಾಸ್ತರರು ಸಾಕೆಂದಿದೆ. ಇಯತ್ತೆ ಐದು, ಮಾಸ್ತರು ಇಬ್ಬರು. ಅವರಲ್ಲೊಬ್ಬ ಹಾಲಿನ ಪುಡಿ, ಅಕ್ಕಿ, ಮೊಟ್ಟೆಯ ಲೆಕ್ಕ ಬರೆಯಬೇಕು, ಜನಗಣತಿಗೆ ಹೋಗಬೇಕು, ಮತಪಟ್ಟಿ ಹಿಡಿದು ಓಣಿ ಓಣಿ ತಿರುಗಬೇಕು. ನಾವು ಪಾಠ ಹೇಳುತ್ತಿದ್ದ ಕೋಣೆಯಲ್ಲಿ ಒಂದು ಗೋಡೆಗೆ ಎರಡನೆಯ ಇಯತ್ತೆ, ಇನ್ನೊಂದು ಗೋಡೆಗೆ ನಾಲ್ಕನೆಯದು. ಒಂದು ಕಡೆ ಮಗ್ಗಿ, ಇನ್ನೊಂದು ಕಡೆ ಭೂಗೋಲ. ಜೋಡಿಯ ಮಾಸ್ತರು ತಾಲ್ಲೂಕಿನ ಸಭೆಗೆ ಹೋದ ದಿನ ಐದೂ ಇಯತ್ತೆ ನಮ್ಮವೇ. ಖಾಲಿ ಜಾಗಕ್ಕೆ ಬರುವವನಿಗೆ 'ಅತಿಥಿ' ಶಿಕ್ಷಕನೆಂಬ ಹೆಸರು. ಬೇಸಿಗೆಯ ಎರಡು ತಿಂಗಳು ಈ ಅತಿಥಿಗೆ ಊಟ ಹಾಕುವವರಿಲ್ಲ. ಇದನ್ನು ಕಂಡ ತಂದೆ ಸಾಲ ಮಾಡಿ ಮಗನನ್ನು ಹಳದಿ ಬಸ್ಸಿಗೆ ಹತ್ತಿಸುತ್ತಾನೆ. ಹಾಜರಿ ಇಳಿಯುತ್ತದೆ. ಹಾಜರಿ ಇಳಿಯಿತೆಂದು ಸರಕಾರ ಒಬ್ಬ ಮಾಸ್ತರನನ್ನು ಎತ್ತಿಕೊಂಡು ಹೋಗುತ್ತದೆ. ಬೆಳೆಗೆ ನೀರು ನಿಲ್ಲಿಸಿದವನೇ ಬಂದು 'ಪೀಕು ಒಣಗಿದೆ, ಹೊಲ ಮಾರು' ಎಂದರೆ ಒಕ್ಕಲಿಗ ಏನೆಂದಾನು?

ಇನ್ನು ದೂರದ ಮಾತು. ಕಿರಿಯ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರಿನೊಳಗೆ ಇರಬೇಕೆಂದು ನಿಯಮವಿದೆ. ನಿಯಮ ಬರೆದವರಿಗೆ ನಮ್ಮ ಜಿಲ್ಲೆಯ ಬದುಕು ಗೊತ್ತಿತ್ತೋ ಇಲ್ಲವೋ, ಆದರೆ ನಿಯಮ ಸರಿಯಾಗಿದೆ. ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ, ತಾಂಡಾಗಳಿಂದ ಎಷ್ಟು ಮನೆಗಳವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವೆಗೆ ಹೋಗುವುದಿಲ್ಲ? ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಓಣಿಯ ಸಾಲಿಗಾದರೆ ಅಜ್ಜಿ ಕೈ ಹಿಡಿದು ಬಿಟ್ಟು ಬಂದಾಳು. ನಾಲ್ಕು ಕಿಲೋಮೀಟರು ಆಚೆಯ ದೊಡ್ಡ ಸಾಲಿಗೆ ಬಿಡುವವರಾರು? ಗಂಡುಹುಡುಗ ಹೇಗೋ ಟಂಟಂಗೆ ಜೋತುಬಿದ್ದು ಹೋದಾನು; ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸುತ್ತಾರೆ. ನಿಂತ ಹುಡುಗಿಗೆ ಓದು ಮಾತ್ರವಲ್ಲ, ಮಧ್ಯಾಹ್ನದ ಊಟವೂ ತಪ್ಪುತ್ತದೆ. ಮಕ್ಕಳು ಸೊರಗಿದ್ದಾರೆಂದು 2021ರ ಡಿಸೆಂಬರಿನಲ್ಲಿ ಮೊದಲು ಮೊಟ್ಟೆ ಕೊಡಲು ಆಯ್ದ ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು ಎಂಬುದನ್ನು ಮರೆಯಬಾರದು.

ಗಾಂಧಿ ಚೌಕದ, ಶಾಸ್ತ್ರಿ ಮಾರ್ಕೆಟ್ಟಿನ ಸಣ್ಣ ವ್ಯಾಪಾರಿ ಬಂಧುಗಳಲ್ಲಿ ಹಲವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದಾರೆ. ತಮ್ಮ ಮಕ್ಕಳು ಕಾನ್ವೆಂಟಿನಲ್ಲಿದ್ದಾರಲ್ಲ! ಅವರಿಗೆ ನಮ್ಮದೊಂದು ಪ್ರಶ್ನೆ. ಪೇಟೆಯಲ್ಲಿ ಎರಡು ಅಂಗಡಿಗಳಿದ್ದು ಒಂದು ಮುಚ್ಚಿದರೆ ಉಳಿದ ಅಂಗಡಿಯವನು ದರ ಏನು ಮಾಡುತ್ತಾನೆಂಬುದನ್ನು ನಿಮಗೆ ನಾವು ಹೇಳಿಕೊಡಬೇಕೇ? ಸರಕಾರಿ ಸಾಲಿ ಗಟ್ಟಿಯಾಗಿ ನಿಂತಿರುವವರೆಗೆ ಮಾತ್ರ ಖಾಸಗಿ ಸಾಲಿಯ ಫೀಗೆ ಅಂಕೆ. ಬ್ಯಾಂಕಿನ ಸಾಲವಂತೂ ಎಲ್ಲರ ತಲೆಯ ಮೇಲಿನದು. ಬೀಗ ಬಿದ್ದ ಸಾಲಿಯ ಊರವನೂ ಬೆಂಕಿಪೆಟ್ಟಿಗೆ ಕೊಂಡಾಗ ತೆರಿಗೆ ಕೊಟ್ಟು ಅದನ್ನು ತೀರಿಸುತ್ತಾನೆ.

ಸರಕಾರದ ಮನಸ್ಸು ಎತ್ತ ವಾಲುತ್ತದೆಂಬುದಕ್ಕೆ 2022ರ ಅಕ್ಟೋಬರದ ನಡೆಯೇ ಸಾಕ್ಷಿ. ಅಂದು ಬೇರೆ ಪಕ್ಷದ ಸರಕಾರವಿತ್ತು. ತಂದೆತಾಯಿಗಳಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಜನ ಛೀಮಾರಿ ಹಾಕಿದೊಡನೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಪಕ್ಷ ಬೇರೆಯಾದರೂ ಚಾಳಿ ಒಂದೇ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಬೇಕಾದರೆ ವಿಲಾಯತಿಯ ಕಡೆ ನೋಡಬೇಕು. ಅಲ್ಲಿ 2002ರಿಂದ ಕೆಲವು ಸರಕಾರಿ ಶಾಲೆಗಳನ್ನು 'ಅಕಾಡೆಮಿ'ಗಳೆಂದು ಕರೆದು ಊರಾಡಳಿತದ ಕೈಯಿಂದ ಬಿಡಿಸಿ ಟ್ರಸ್ಟುಗಳ ಕೈಗೆ ಕೊಟ್ಟರು. ಬಿದ್ದ ಶಾಲೆಗಳನ್ನೆತ್ತಲು ಎಂಬುದು ಮೊದಲ ಮಾತು. 2010ರ ಕಾಯದೆಯಿಂದ ನಿಂತ ಶಾಲೆಗಳಿಗೂ ಆ ಬಾಗಿಲು ತೆರೆಯಿತು. 2016ರ ಮಾರ್ಚಿನಲ್ಲಿ ಎಲ್ಲ ಶಾಲೆಗಳನ್ನೂ ಅಕಾಡೆಮಿ ಮಾಡಿಯೇ ಬಿಡುವೆವೆಂದು ಹೊರಟ ಸರಕಾರ, ತನ್ನ ಪಕ್ಷದವರೇ ತಿರುಗಿಬಿದ್ದುದರಿಂದ ಮೇ ತಿಂಗಳಲ್ಲಿ ಆ ಬಲವಂತವನ್ನು ಕೈಬಿಟ್ಟಿತು. ಮರುವರ್ಷ ವೇಕ್‌ಫೀಲ್ಡಿನ ಒಂದು ಟ್ರಸ್ಟು ತನ್ನ 21 ಶಾಲೆಗಳನ್ನು ನಡೆಸಲಾರೆನೆಂದು ಕೈಯೆತ್ತಿತು. ಅಂಗಡಿ ದಿವಾಳಿಯಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸಾಲಿ ಕೈಯೆತ್ತಿದರೆ ಮಗುವಿನ ಕಳೆದ ವರ್ಷಗಳನ್ನು ಯಾರು ಮರಳಿ ಕೊಡುತ್ತಾರೆ?

ನಮ್ಮ ಪಬ್ಲಿಕ್ ಶಾಲೆಗಳು ಇನ್ನೂ ಸರಕಾರದವೇ ಆಗಿವೆ, ಟ್ರಸ್ಟಿಗೆ ಹೋಗಿಲ್ಲ. ಇದನ್ನು ಮರೆಮಾಚಿ ವಾದಿಸುವುದು ನಮಗೆ ಬೇಡ. ಆದರೆ ಹತ್ತು ಚಿಕ್ಕ ಅಂಗಡಿಗಳನ್ನು ಕೊಳ್ಳುವುದಕ್ಕಿಂತ ಒಂದು ದೊಡ್ಡದನ್ನು ಕೊಳ್ಳುವುದು ಸುಲಭ. ವಿಜಯಪುರದ ಜನಕ್ಕೆ ಇದು ಅರ್ಥವಾಗದ ಮಾತಲ್ಲ. ಸರಕಾರಿ ವೈದ್ಯಕೀಯ ಕಾಲೇಜು ಖಾಸಗಿ ಪಾಲುದಾರಿಕೆಯಲ್ಲಿ ಬೇಡ, ಪೂರ್ತಿ ಸರಕಾರದ್ದೇ ಆಗಬೇಕೆಂದು 2025ರ ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ಧರಣಿ ಕುಳಿತ ಊರು ಇದು. ಕಾಲೇಜಿಗಾಗಿ ಕುಳಿತವರು ಕಿರಿಯ ಸಾಲಿಗಾಗಿ ಏಕೆ ಏಳಬಾರದು? ನಮ್ಮ ಗೋಡೆಗಳ ಮೇಲೆಲ್ಲ ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಎಂದು ತರಬೇತಿಯ ಬೋರ್ಡುಗಳು. ಒಂದು ನವೋದಯ ಶಾಲೆ ಆರನೆಯ ಇಯತ್ತೆಗೆ ವರ್ಷಕ್ಕೆ ಕೊಡುವ ಜಾಗ ಎಂಬತ್ತು. ಎಂಬತ್ತರ ಆಸೆಗೆ ಸಾವಿರಾರು ಮನೆಗಳ ಗಂಟು ಕರಗುತ್ತಿದೆ. ನೆರೆಹೊರೆಯ ಮಕ್ಕಳೆಲ್ಲ ಒಂದೇ ಸಾಲಿಗೆ ಹೋಗಲೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ಅದು ಕಪಾಟಿನಲ್ಲಿದೆ.

ಐದೇ ಮಕ್ಕಳುಳಿದ ಸಾಲಿಯನ್ನೂ ನಡೆಸಬೇಕೇ ಎಂದು ಕೇಳುವವರಿಗೆ ನಾವು ನೇರವಾಗಿ ಹೇಳುತ್ತೇವೆ: ಗೋಡೆಗಾಗಿ ನಮ್ಮ ಜಗಳವಲ್ಲ. ಮೊದಲು ಇಯತ್ತೆಗೊಬ್ಬ ಕಾಯಂ ಮಾಸ್ತರನನ್ನು ಕೊಟ್ಟು ಮೂರು ವರ್ಷ ನೋಡಿರಿ. ಆಗಲೂ ಮಕ್ಕಳು ಬಾರದಿದ್ದರೆ, ತಂದೆತಾಯಿಗಳ ಸಭೆ ಒಪ್ಪಿದರೆ, ಫೀ ಇಲ್ಲದ ಬಸ್ಸು ಊರ ಕಟ್ಟೆಗೆ ಬಂದು ನಿಂತ ಮೇಲೆ ಬೀಗ ಹಾಕಿರಿ. ಬಸ್ಸಿಗಿಂತ ಮೊದಲು ಬೀಗ ಬರಕೂಡದು.

ಮುಂದಿನ ಗ್ರಾಮಸಭೆಗಳಲ್ಲಿ ಗಿರಣಿಯ ಬಂಧುಗಳು ಒಂದು ಪಾಳಿ ಬಿಟ್ಟಾದರೂ ಹಾಜರಾಗಿ, ತಮ್ಮ ಸಾಲಿ ಯಾವ ದೊಡ್ಡ ಸಾಲಿಯ ಯಾದಿಯಲ್ಲಿದೆ, ಖಾಲಿ ಹುದ್ದೆಗಳೆಷ್ಟು ಎಂದು ಬರೆಹದಲ್ಲಿ ಕೇಳಬೇಕು. ಬಾಯಿಮಾತಿನ ಉತ್ತರ ಸಾಲದು. ಕಟ್ಟೆಯ ಮೇಲೆ ಕುಳಿತ ಆ ಹಮಾಲ ಬಂಧುವಿಗೂ ನಾವು ಅಂದು ಇಷ್ಟೇ ಹೇಳಿದೆವು: ಮಗಳ ಹೆಸರು ಆ ಸಾಲಿಯಿಂದ ತೆಗೆಸಬೇಡ, ಸಭೆಯ ದಿನ ತಿಳಿಸು, ನಾವೂ ಬರುತ್ತೇವೆ.