ಮುದ್ರೆ ಒತ್ತುವ ಮೊದಲು ಓದಿ ಹೇಳಿ

ಅಣ್ಣತಮ್ಮಂದಿರು ಬೇರೆಯಾಗುವಾಗ ನಮ್ಮ ಸಾಲಗುಂದದ ಕಡೆ ವಾಟ್ನಿಪತ್ರ ಬರೆಸುತ್ತಾರೆ. ಹಿರಿಯರು ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತು ಯಾವ ಹೊಲ ಯಾರಿಗೆ, ಬದುವಿನ ಬೇವಿನ ಮರ ಯಾರಿಗೆ, ಬಂಡಿ ದಾರಿ ಎಲ್ಲಿ ಎಂದು ಎಲ್ಲರ ಎದುರು ಹೇಳಿ ಬರೆಸುತ್ತಾರೆ. ಮೂವರು ಅಣ್ಣತಮ್ಮಂದಿರಿದ್ದರೆ ಮೂರು ಪ್ರತಿ. ಒಬ್ಬ ತನ್ನ ಪ್ರತಿಯಲ್ಲಿ ಎರಡು ಎಕರೆಯನ್ನು ಮೂರು ಮಾಡಿಕೊಂಡರೆ ಉಳಿದೆರಡು ಪ್ರತಿಗಳು ಸಾಕ್ಷಿ ಹೇಳುತ್ತವೆ.

ಬ್ಲಾಕ್‌ಚೈನ್ ಎಂದರೇನು ಎಂದು ಕೇಳಿದವರಿಗೆ ನಾನು ಈ ವಾಟ್ನಿಯನ್ನೇ ತೋರಿಸುತ್ತೇನೆ. ಒಂದೇ ಲೆಕ್ಕ ಹಲವು ಕಂಪ್ಯೂಟರುಗಳಲ್ಲಿ ಇರುತ್ತದೆ. ಪ್ರತಿ ಹೊಸ ಪುಟದಲ್ಲೂ ಹಿಂದಿನ ಪುಟದ ಮುದ್ರೆ ಸೇರಿರುತ್ತದೆ. ಹಳೆಯ ಪುಟದ ಒಂದೇ ಅಕ್ಷರ ಬದಲಿಸಿದರೂ ಮುದ್ರೆ ತಾಳೆಯಾಗದೆ ಕಳ್ಳತನ ಬಯಲಾಗುತ್ತದೆ. 2008ರಲ್ಲಿ ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್‌ನ ಮೊದಲ ಬರಹ ಬಂದಾಗ, ಬ್ಯಾಂಕು ನಡುವೆ ಬಾರದಂತೆ ಹಣ ಕೈಯಿಂದ ಕೈಗೆ ಹೋಗಬೇಕೆಂಬುದೇ ಅದರ ಆಸೆಯಾಗಿತ್ತು. ಇವತ್ತು ಅದೇ ತಂತ್ರಜ್ಞಾನ ಸರ್ಕಾರದ ಮನೆ ಸೇರಿದೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಕೇಂದ್ರ ತೆರೆಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ‘ವಿಶ್ವಸ್ಯ’ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಹೊರತಂದಿತು. ನಮ್ಮ ಹೊಲದ ದಾಖಲೆಯಾದ ಪಹಣಿಯೂ ಒಂದು ದಿನ ಅದರೊಳಗೆ ಹೋಗಬಹುದು. ಹೋದರೆ ರೈತನಿಗೆ ಸ್ವಾತಂತ್ರ್ಯ ಹೆಚ್ಚುತ್ತದೆಯೋ, ಕಚೇರಿಗೆ ಬಲ ಹೆಚ್ಚುತ್ತದೆಯೋ?

ಇದಕ್ಕೆ ಉತ್ತರ ಹುಡುಕಲು ನಮ್ಮ ಸೀಮೆಯ ಹಳೆಯ ದಫ್ತರವನ್ನೇ ಬಿಚ್ಚಬೇಕು. ನಮ್ಮ ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಊರ ಭೂಮಿಯ ಲೆಕ್ಕವೆಲ್ಲ ಪಟವಾರಿಯ ಬಟ್ಟೆಯ ಗಂಟಿನಲ್ಲಿ. 1963ರಲ್ಲಿ ಊರಿನ ಇಂಥ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು, ಆದರೆ ಗಂಟು ಮಾತ್ರ ಕೈ ಬದಲಾಯಿಸಿತು. ಅದನ್ನು ನಿಜವಾಗಿ ಬಿಚ್ಚಿದ್ದು ‘ಭೂಮಿ’ ಯೋಜನೆ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ತನ್ನ ಹೊಲದ ಕಾಗದಕ್ಕಾಗಿ ಯಾರ ಮನೆ ಬಾಗಿಲಲ್ಲೂ ಕೈಕಟ್ಟಿ ನಿಲ್ಲಬೇಕಿಲ್ಲ ಎಂಬುದು ಸಣ್ಣ ಸ್ವಾತಂತ್ರ್ಯವಲ್ಲ.

ಆದರೆ ಕಂಪ್ಯೂಟರಿಗೆ ಸತ್ಯದ ಜೊತೆ ತಪ್ಪೂ ಏರಿತು. ನಮ್ಮಪ್ಪನ ಹೆಸರು ಆಧಾರ್ ಕಾರ್ಡಿನಲ್ಲಿ ಹನುಮಂತಪ್ಪ, ಪಹಣಿಯಲ್ಲಿ ಹನಮಪ್ಪ. ಊರೆಲ್ಲ ಕರೆದದ್ದು ಹನಮಪ್ಪ ಎಂದೇ; ಮಸಿ ಪೆನ್ನಿನ ಕಾಲದಲ್ಲಿ ಯಾರೋ ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿದ್ದರು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ನಮ್ಮ ಹೆಸರಿಗೆ ಮಾಡಿಸಲು ಫೌತಿ ಖಾತೆಗೆ ಅರ್ಜಿ ಕೊಟ್ಟಾಗ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಬೇಕಾಯಿತು. ಅಫಿಡವಿಟ್ಟು, ವಂಶವೃಕ್ಷ, ಪಂಚನಾಮೆ. ಅವ್ವ ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲ ಮೇಲೆ ಕೂತು, ‘ನನ್ನ ಗಂಡ ಯಾರಂತ ನಾನು ಹೇಳಿದರ ಸಾಲದೇನಪಾ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಬ್ಲಾಕ್‌ಚೈನ್ ಇದ್ದಿದ್ದರೆ ಆ ತಪ್ಪು ಹೆಸರು ಇನ್ನೂ ಭದ್ರವಾಗಿರುತ್ತಿತ್ತು. ಅದರಲ್ಲಿ ತಿದ್ದುಪಡಿಗೆ ದಾರಿಯೇ ಇಲ್ಲವೆಂದಲ್ಲ. ಹಳೆಯ ನಮೂದನ್ನು ಹಾಗೇ ಬಿಟ್ಟು ಹೊಸದನ್ನು ಸೇರಿಸಬಹುದು. ಅದಕ್ಕೆ ಒಪ್ಪಿಗೆ ಕೊಡುವ ಕೈ ಯಾರದು ಎಂಬುದೇ ನನ್ನ ಚಿಂತೆ. ಬರೆದದ್ದನ್ನು ಯಾರೂ ಕದ್ದು ಬದಲಿಸದಂತೆ ಯಂತ್ರ ಕಾಯುತ್ತದೆ, ಬರೆದದ್ದು ನಿಜವೇ ಎಂದು ಅದು ಹೊಲಕ್ಕೆ ಬಂದು ನೋಡುವುದಿಲ್ಲ.

ಇನ್ನೂ ದೊಡ್ಡ ಕೊರತೆ ಬರೆಯದೇ ಬಿಟ್ಟವರದು. ತುಂಗಭದ್ರಾ ಎಡದಂಡೆ ನಾಲೆಯ ನೀರಿಗೆ ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಲೀಜಿಗೆ ಹೊಲ ಮಾಡುವವರು ಊರೂರಿಗೂ ಇದ್ದಾರೆ. 1974ರ ಭೂಸುಧಾರಣೆ ಗೇಣಿಯನ್ನು ನಿಷೇಧಿಸಿದ್ದರಿಂದ ಅವರ ಕರಾರೆಲ್ಲ ಬಾಯಿಮಾತು, ಇಲ್ಲವೆ ಮನೆಯ ಚೀಟಿ. ಪಹಣಿಗಿರುವ ಆರ್‌ಟಿಸಿ ಎಂಬ ಇನ್ನೊಂದು ಹೆಸರಿನ ನಡುವಿನ ‘ಟಿ’ ಟೆನೆನ್ಸಿ, ಅಂದರೆ ಗೇಣಿಯದು. ಆದರೆ ಗೇಣಿ ಮಾಡುವವನ ಹೆಸರೇ ಅದರಲ್ಲಿಲ್ಲ. ಆಲಿಕಲ್ಲು ಬಿದ್ದು ಭತ್ತ ಉದುರಿದಾಗ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಅಂಥ ಪಹಣಿಗೆ ಅಳಿಸಲಾಗದ ಮುದ್ರೆ ಒತ್ತಿದರೆ ಲೀಜಿನವನ ಪಾಲಿಗೆ ಅನ್ಯಾಯವೇ ಖಾಯಂ ಆಗುತ್ತದೆ.

ಪ್ರತಿಗಳು ಯಾರ ಹತ್ತಿರ ಇರುತ್ತವೆ ಎಂಬುದನ್ನೂ ಕೇಳಬೇಕು. ವಾಟ್ನಿಪತ್ರಕ್ಕೆ ಬಲ ಬಂದದ್ದು ಮೂರು ಪ್ರತಿ ಮೂರು ಮನೆಯಲ್ಲಿ ಇದ್ದದ್ದರಿಂದ. ಎಲ್ಲ ಕಂಪ್ಯೂಟರುಗಳೂ ಸರ್ಕಾರದ ಕೈಯಲ್ಲೇ ಇದ್ದರೆ ಮೂರೂ ಪ್ರತಿಗಳನ್ನು ಹಿರಿಯಣ್ಣನೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದಂತೆ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಸರ್ಕಾರಿ ದಾಖಲೆಗಳ ರಕ್ಷಣೆಗೆ ಈ ಬಗೆಯ ತಂತ್ರಜ್ಞಾನ ಬಳಸುತ್ತಾರೆ. ನನಗೆ ಅಲ್ಲಿ ಮೆಚ್ಚಿಗೆಯಾದದ್ದು ಬೇರೆಯೇ: ತನ್ನ ಮಾಹಿತಿಯನ್ನು ಯಾವ ಇಲಾಖೆ ಯಾವಾಗ ತೆರೆದು ನೋಡಿತು ಎಂಬುದನ್ನು ಅಲ್ಲಿನ ಪ್ರಜೆ ತಾನೇ ನೋಡಬಹುದು. ಕಾವಲಿನ ಕಣ್ಣು ಎರಡೂ ಕಡೆ ತಿರುಗುತ್ತದೆ.

ನಮ್ಮಲ್ಲಿ ಆ ಕಣ್ಣು ಒಂದೇ ಕಡೆ ತಿರುಗೀತೆಂಬ ಭಯ ನನಗಿದೆ. ಹಣದ ಮಾತನ್ನೇ ನೋಡಿ. 2022ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಡಿಜಿಟಲ್ ರೂಪಾಯಿಯನ್ನು ಜನರ ಕೈಗೆ ಕೊಟ್ಟು ನೋಡಿತು. ಅಂಥ ಹಣಕ್ಕೆ ಷರತ್ತು ಹಾಕಬಹುದು: ಗೊಬ್ಬರಕ್ಕೆ ಕೊಟ್ಟದ್ದು ಗೊಬ್ಬರಕ್ಕೇ. ಸಬ್ಸಿಡಿ ಸೋರದಂತೆ ತಡೆಯಲು ಇದು ಒಳ್ಳೆಯದೇ. ಆದರೆ ನಾಳೆ ವಿಧವಾ ವೇತನದಲ್ಲಿ ಮಗಳಿಗೆ ಬಳೆ ಕೊಳ್ಳಬಾರದೆಂದು ಯಾರಾದರೂ ಬರೆದಿಟ್ಟರೆ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿದ್ದು ಇಂಥ ದಿನಗಳಿಗಾಗಿಯೇ.

ಬ್ಲಾಕ್‌ಚೈನ್ ಬರಲಿ, ನಾನು ವಿರೋಧಿಯಲ್ಲ. ಆದರೆ ಮುದ್ರೆ ಒತ್ತುವ ಮೊದಲು ಪ್ರತಿ ಊರಿನ ಪಹಣಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಹನಮಪ್ಪನೂ ಹನುಮಂತಪ್ಪನೂ ಒಬ್ಬನೇ ಎಂದು ಊರು ಅಲ್ಲೇ ಹೇಳುತ್ತದೆ. ಲೀಜಿನವನ ಹೆಸರು ಬರೆಯಲು ಕಾನೂನಿನಲ್ಲಿ ಜಾಗವಾಗಲಿ. ಒಂದು ಪ್ರತಿ ಪಂಚಾಯ್ತಿಯಲ್ಲೇ ಉಳಿಯಲಿ. ಮುಂದಿನ ಗ್ರಾಮಸಭೆಗೆ ಹೋದಾಗ ನೀವೂ ಇದನ್ನು ಕೇಳಿ.